ಕಪ್ಪು ದ್ರಾಕ್ಷಿಯ ಘಮಲು, ಕೈಗೆಟುಕುವ ವೈನು

ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಬಾಯಿಗೆ ಹಾಕಿಕೊಂಡು ನಾಲಗೆಯಿಂದ ಅದುಮಿದರೆ ಸಿಪ್ಪೆಯೇ ಬೇರೆ, ತಿರುಳೇ ಬೇರೆ. ತಿರುಳು ನುಣುಚಿಕೊಂಡು ಗಂಟಲಿಗಿಳಿಯುತ್ತದೆ, ದಪ್ಪ ಸಿಪ್ಪೆ ಹಲ್ಲಿಗೆ ಸಿಕ್ಕಿ ಒಗರು ಬಿಡುತ್ತದೆ. ಬೀಜ ಉಗುಳಿದ ಮೇಲೂ ಮೂಗಿನ ಹಿಂಬದಿಯಲ್ಲಿ ಒಂದು ಘಮಲು ಉಳಿದಿರುತ್ತದೆ. ಅದರಲ್ಲಿ ಮಲ್ಲಿಗೆಯ ಎಳೆ ಒಂದಿಷ್ಟು, ಸ್ಟ್ರಾಬೆರಿಯ ಎಳೆ ಒಂದಿಷ್ಟು. ಬೀಜವಿಲ್ಲದ ಹಸಿರು ದ್ರಾಕ್ಷಿ ಎಷ್ಟೇ ಸಿಹಿಯಿದ್ದರೂ ಈ ಘಮಲು ಅದಕ್ಕಿಲ್ಲ. ಕರ್ನಾಟಕದಲ್ಲಿ ಸಾಮಾನ್ಯರ ಕೈಗೆಟುಕುವ ಸಿಹಿ ಕೆಂಪು ವೈನಿನ ಜೀವಾಳ ಇದೇ.

ತುಮಕೂರು ಜಿಲ್ಲೆಯ ನಮ್ಮ ತೋವಿನಕೆರೆಯಿಂದ ಕೊರಟಗೆರೆಗೆ ಹೋಗಿ, ಮಧುಗಿರಿಗೆ ಹೋಗಿ, ಶಿರಾ ಪಾವಗಡದ ಕಡೆ ತಿರುಗಿ, ಪೇಟೆಯಲ್ಲೊಂದು 'ವೈನ್ಸ್' ಎಂಬ ಬೋರ್ಡು ಇದ್ದೇ ಇರುತ್ತದೆ. ಒಳಗೆ ಕಣ್ಣಿಗೆ ಬೀಳುವುದೆಲ್ಲ ವಿಸ್ಕಿ, ಬ್ರಾಂದಿ, ರಮ್ಮು, ಬಿಯರು. ವೈನು ಕೇಳಿದರೆ ಅಂಗಡಿಯವರು ಸ್ಟೂಲು ಹತ್ತಿ ಮೇಲಿನ ಅರೆಯಿಂದ ತೆಗೆದು, ಬಟ್ಟೆಯಲ್ಲಿ ಧೂಳು ಒರೆಸಿ ಕೊಡುತ್ತಾರೆ. ಹೆಚ್ಚಿನಂಶ ಅದು ಪೋರ್ಟ್ ಎಂದು ಜನ ಕರೆಯುವ ಸಿಹಿ ವೈನು. ಪೋರ್ಚುಗಲ್‌ನ ಡೌರೊ ಕಣಿವೆಯ ಅಸಲಿ ಪೋರ್ಟ್‌ಗೂ ಇದಕ್ಕೂ ಹೆಸರಿನ ನಂಟು ಮಾತ್ರ. ಅಲ್ಲಿ ಹುಳಿಯುವಿಕೆ ನಡುವಿನಲ್ಲಿರುವಾಗಲೇ ದ್ರಾಕ್ಷಿಯ ಮದ್ಯಸಾರ ಸುರಿದು ಅದನ್ನು ನಿಲ್ಲಿಸುತ್ತಾರೆ. ಯೀಸ್ಟ್ ತಿನ್ನದೆ ಬಿಟ್ಟ ಸಕ್ಕರೆಯೇ ಸಿಹಿ. ನಮ್ಮ ಅಗ್ಗದ ಬಾಟಲಿಗಳಲ್ಲಿ ಸಿಹಿ ಹೊರಗಿನಿಂದ ಸೇರಿಸಿದ ಸಕ್ಕರೆಯಿಂದ ಬರುವುದೇ ಹೆಚ್ಚು. ಹಾಗಿದ್ದರೂ ಬಗ್ಗಿಸಿದ ಕೂಡಲೇ ಲೋಟದಿಂದ ಏಳುವ ಆ ಘಮಲನ್ನು ಸಕ್ಕರೆ ಮುಚ್ಚಿಹಾಕಲಾರದು. ವೈನು ಸವಿಯುವ ಗೀಳು ನನಗೆ ಹತ್ತಿದ್ದು ಆ ಘಮಲಿನ ಬೆನ್ನು ಹತ್ತಿಯೇ. ಈ ಲೇಖನದಲ್ಲಿ ಅದಕ್ಕೆ ಸಿಂಹಪಾಲು ಕೊಡುತ್ತಿದ್ದೇನೆ.

ತೋಟಗಾರಿಕೆ ತಜ್ಞರು ನಮ್ಮ ಬ್ಲೂ ದ್ರಾಕ್ಷಿಯನ್ನು ಇಸಬೆಲ್ಲಾ ಎಂಬ ಅಮೆರಿಕದ ತಳಿಯೆಂದು ಗುರುತಿಸುತ್ತಾರೆ. ಅಲ್ಲಿನ ಕಾಡುದ್ರಾಕ್ಷಿ ಲಬ್ರುಸ್ಕಾಗೂ ಯುರೋಪಿನ ವಿನಿಫೆರಾಗೂ ತಾನಾಗಿ ಆದ ಬೆರಕೆ ಇದು. ನ್ಯೂಯಾರ್ಕಿನ ವಿಲಿಯಂ ಪ್ರಿನ್ಸ್ ಎಂಬ ನರ್ಸರಿಯವರು 1816ರಲ್ಲಿ ಇದನ್ನು ಇಸಬೆಲ್ಲಾ ಗಿಬ್ಸ್ ಎಂಬ ಮಹಿಳೆಯ ಹೆಸರಿನಲ್ಲಿ ಪರಿಚಯಿಸಿದರು. ಹಡಗು ಹತ್ತಿದ ಬಳ್ಳಿ ಯುರೋಪು, ಕಪ್ಪು ಸಮುದ್ರದ ತೀರ, ಬ್ರೆಜಿಲ್ ಎಲ್ಲ ಕಡೆ ಬೇರುಬಿಟ್ಟಿತು. ಬೆಂಗಳೂರಿಗೆ ಬಂದು ನೂರೈವತ್ತು ವರ್ಷವಾಯಿತು ಎಂಬುದು ತೋಟದವರ ಬಾಯಲ್ಲಿರುವ ಲೆಕ್ಕ.

ಘಮಲಿಗೆ ಕಾರಣ ಮೀಥೈಲ್ ಆಂತ್ರನಿಲೇಟ್, ಫ್ಯೂರನಿಯಾಲ್‌ನಂಥ ರಾಸಾಯನಿಕಗಳು. ಮೊದಲಿನದು ಮಲ್ಲಿಗೆಯಲ್ಲೂ ಕಿತ್ತಳೆ ಹೂವಿನಲ್ಲೂ ಇದೆ, ಎರಡನೆಯದು ಸ್ಟ್ರಾಬೆರಿಯಲ್ಲಿದೆ. ದ್ರಾಕ್ಷಿ ಫ್ಲೇವರಿನ ಚಾಕಲೇಟು, ಸೋಡಾಗಳಿಗೆ ಹಾಕುವುದೂ ಮೀಥೈಲ್ ಆಂತ್ರನಿಲೇಟನ್ನೇ. ಹಕ್ಕಿಗಳಿಗೆ ಅದರ ವಾಸನೆ ಸೇರದು. ಹಾಗಾಗಿ ಹಲವು ದೇಶಗಳಲ್ಲಿ ಹೊಲಕ್ಕೆ ಹಕ್ಕಿ ಬಾರದಂತೆ ಅದನ್ನು ಸಿಂಪಡಿಸುವುದೂ ಉಂಟು. ಮನುಷ್ಯರಲ್ಲೂ ಪಂಗಡಗಳಿವೆ. ಯುರೋಪಿನ ವೈನು ಪಂಡಿತರು ಇದನ್ನು ನರಿ ವಾಸನೆ ಎಂದು ಕರೆದು ದೂರವಿಟ್ಟರು. 1930ರ ದಶಕದಲ್ಲಿ ಫ್ರಾನ್ಸ್ ಸರ್ಕಾರ ಇಸಬೆಲ್ಲಾ ಸೇರಿದಂತೆ ಅಮೆರಿಕ ಮೂಲದ ಆರು ತಳಿಗಳ ವೈನನ್ನು ಮಾರುಕಟ್ಟೆಯಿಂದ ಹೊರಗಟ್ಟಿತು. ಮೆಥನಾಲ್ ಹೆಚ್ಚಿದೆ ಎಂಬ ದೂರು ಒಂದು ಕಡೆ. ವೈನಿನ ಬೆಲೆ ವಿಪರೀತವಾಗಿ ಕುಸಿದಿದ್ದೇ ನಿಜವಾದ ಕಾರಣ ಎಂಬ ವಾದ ಇನ್ನೊಂದು ಕಡೆ. ನನಗೆ ಎರಡನೆಯದರಲ್ಲಿ ಹೆಚ್ಚು ಹುರುಳು ಕಾಣುತ್ತದೆ.

ಆದರೆ ಹಳ್ಳಿಗರು ಬಳ್ಳಿಯನ್ನು ಬಿಟ್ಟುಕೊಡಲಿಲ್ಲ. ಆಸ್ಟ್ರಿಯಾದ ಬುರ್ಗನ್‌ಲಾಂಡ್ ಪ್ರಾಂತ್ಯದ ದಕ್ಷಿಣ ಭಾಗದ ರೈತರು ಇಂಥದೇ ದ್ರಾಕ್ಷಿಗಳಿಂದ ಊಹುಡ್ಲರ್ ಎಂಬ ವೈನು ಮಾಡುತ್ತಿದ್ದರು. ಅಲ್ಲೂ ನಿಷೇಧವಿದ್ದಾಗ ಮನೆಮಟ್ಟಿಗೆ ಮಾಡಿಕೊಂಡು ಬಂದರು, ಹೋರಾಡಿದರು, 1992ರಲ್ಲಿ ಮಾರಲು ಅನುಮತಿ ಪಡೆದರು. ಇಟಲಿಯಲ್ಲಿ ಇಸಬೆಲ್ಲಾದ ವೈನನ್ನು ಫ್ರಾಗೊಲಿನೊ ಎನ್ನುತ್ತಾರೆ. ಅವರು ಆ ಹೆಸರುಗಳನ್ನು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ನಮ್ಮ ಬೆಂಗಳೂರು ಬ್ಲೂಗೆ 2013ರಲ್ಲೇ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಮೈಸೂರು ಮಲ್ಲಿಗೆಗೂ ನಂಜನಗೂಡು ರಸಬಾಳೆಗೂ ಇರುವ ಗೌರವ ಅದು. ಆದರೂ ನಾನು ಕೊಳ್ಳುವ ಸಿಹಿ ವೈನಿನ ಲೇಬಲ್‌ಗಳ ಮೇಲೆ ಈ ದ್ರಾಕ್ಷಿಯ ಹೆಸರನ್ನು ಹುಡುಕಿದರೂ ಕಾಣುವುದಿಲ್ಲ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಹೋದವರು ಈ ತೋಟಗಳನ್ನು ನೋಡಿರುತ್ತಾರೆ. ಕಲ್ಲುಕಂಬ ನೆಟ್ಟು, ತಂತಿ ಎಳೆದು, ತಲೆಯ ಮೇಲೆ ಚಪ್ಪರ. ಬಳ್ಳಿಗೆ ಇಲ್ಲಿ ಚಳಿಗಾಲದ ನಿದ್ದೆಯೇ ಇಲ್ಲ. ಸವರಿದರೆ ಚಿಗುರುತ್ತದೆ, ಚಿಗುರಿದರೆ ಹೂ ಬಿಡುತ್ತದೆ. ಹಾಗಾಗಿ ವರ್ಷಕ್ಕೆ ಎರಡು ಬೆಳೆ. ಚಿಬ್ಬು ರೋಗವನ್ನು ತಡೆದುಕೊಳ್ಳುವ ಈ ತಳಿ ಬೂಜು ರೋಗಕ್ಕೆ ಮಾತ್ರ ಬೇಗ ಸೋಲುತ್ತದೆ. ಮೋಡ ಕವಿದ ದಿನಗಳಲ್ಲಿ ತೋಟದವರಿಗೆ ನಿದ್ದೆ ಬಾರದಿರುವುದು ಅದಕ್ಕೇ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದನ್ನು ತಾಯಿಯಾಗಿಟ್ಟುಕೊಂಡು ಅರ್ಕಾ ಶ್ಯಾಮ್, ಅರ್ಕಾ ತೃಷ್ಣಾ ಎಂಬ ತಳಿಗಳನ್ನು ಬೆಳೆಸಿತು. ಎರಡೂ ವೈನಿಗೆ ಒಗ್ಗುವಂಥವು.

ಕರ್ನಾಟಕದ ವೈನ್ ಉದ್ಯಮದ ಚರಿತ್ರೆ ಚಿಕ್ಕದು. ಕನ್ವಲ್ ಗ್ರೋವರ್ ಎಂಬ ಉದ್ಯಮಿ ಫ್ರಾನ್ಸಿನ ತಳಿಗಳನ್ನು ತಂದು, ನಂದಿಬೆಟ್ಟದ ಸೀಮೆ ಅವಕ್ಕೆ ಹಿಡಿಸುತ್ತದೆಂದು ಕಂಡುಕೊಂಡು, 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ತೋಟ ಹಾಕಿದರು. 1992ರ ಹೊತ್ತಿಗೆ ವೈನು ಬಂತು. ಬೋರ್ಡೋದ ಹೆಸರಾಂತ ವೈನು ತಜ್ಞ ಮಿಷೆಲ್ ರೋಲಾಂ ಸಲಹೆಗಾರರಾದರು. 2012ರಲ್ಲಿ ನಾಸಿಕ್ ಕಡೆಯ ಕಂಪನಿಯೊಂದರ ಜೊತೆ ಸೇರಿ ಅದು ಗ್ರೋವರ್ ಝಂಪಾ ಆಯಿತು. ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದದ್ದು 2007ರಲ್ಲಿ. ಅದರ ಬೆನ್ನಿಗೇ ವೈನ್ ಮಂಡಳಿಯೂ ಬಂತು. ಸಾರಾಯಿ ನಿಷೇಧವಾದದ್ದೂ ಅದೇ ವರ್ಷದ ಜುಲೈ 1ರಿಂದ. ನಮ್ಮ ಬಯಲುಸೀಮೆಯ ಈಚಲು ಹೆಂಡ ಅದಕ್ಕೂ ಮುಂಚೆಯೇ ನಿಂತುಹೋಗಿತ್ತು. ಮನೆಮುರುಕ ಸಾರಾಯಿ ಹೋದದ್ದು ಒಳ್ಳೆಯದೇ. ಆದರೆ ಆ ಜಾಗಕ್ಕೆ ಬಂದದ್ದು ವೈನಲ್ಲ, ಅಗ್ಗದ ವಿಸ್ಕಿ ಬ್ರಾಂದಿಗಳ ಸ್ಯಾಷೆ. ಹಳ್ಳಿಗೆ ಹಗುರವಾದದ್ದೊಂದು ತಲುಪಬಹುದಾಗಿದ್ದ ಅವಕಾಶ ಹಾಗೇ ಜಾರಿತೆಂಬ ಕೊರಗು ನನಗಿದೆ.

ಸವಿಯುವ ವಿಚಾರಕ್ಕೆ ಬರುತ್ತೇನೆ. ಹವ್ಯಾಸಿಗೆ ಬೇಕಾದದ್ದು ತೆಳು ಗಾಜಿನ ಲೋಟ, ಬಿಳಿ ಹಾಳೆ, ನೋಟ್‌ಬುಕ್ಕು, ಇಬ್ಬರು ಗೆಳೆಯರು. ಬಾಟಲಿಯೊಂದು 750 ಮಿಲಿಲೀಟರು. ಒಬ್ಬರಿಗೆ ಹೆಚ್ಚು, ಮೂವರಿಗೆ ಹದ. ಲೋಟಕ್ಕೆ ಕಾಲುಭಾಗ ಮಾತ್ರ ಬಗ್ಗಿಸಿ, ಓರೆ ಮಾಡಿ ಬಿಳಿ ಹಾಳೆಯ ಮೇಲೆ ಹಿಡಿಯಬೇಕು. ಬ್ಲೂ ದ್ರಾಕ್ಷಿಯ ಎಳೆಯ ವೈನು ಅಂಚಿನಲ್ಲಿ ನೇರಳೆ ಬಣ್ಣ ತೋರುತ್ತದೆ. ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಬಾಟಲಿ ಹಳೆಯದು, ಇಲ್ಲವೇ ಬಿಸಿಲು ತಿಂದದ್ದು. ಆಮೇಲೆ ಲೋಟ ತಿರುಗಿಸಿ ಮೂಗಿಡಬೇಕು. ಮೊದಲ ಗುಟುಕಿಗೆ ಸಿಹಿ ಮುನ್ನುಗ್ಗುತ್ತದೆ, ಅದರ ಹಿಂದೆ ನಾಲಗೆಯ ಎರಡು ಬದಿಯಲ್ಲಿ ಹುಳಿ, ಕೊನೆಗೆ ವಸಡಿಗೆ ಒಗರು. ಎಳೆ ಅಡಿಕೆ ಅಗಿದು ಗೊತ್ತಿರುವ ನಮ್ಮ ಕಡೆಯವರಿಗೆ ಈ ಒಗರನ್ನು ಯಾರೂ ಹೇಳಿಕೊಡಬೇಕಿಲ್ಲ. ಪುಸ್ತಕಗಳು ಟ್ಯಾನಿನ್ ಎಂದು ಪುಟಗಟ್ಟಲೆ ವಿವರಿಸುವುದು ಇದನ್ನೇ. ದ್ರಾಕ್ಷಿಯ ರಸ ಹೆಚ್ಚುಕಡಿಮೆ ಬಣ್ಣವಿಲ್ಲದ್ದು. ಕೆಂಪೂ ಒಗರೂ ಬರುವುದು ಸಿಪ್ಪೆಯ ಜೊತೆ ಹುಳಿಯಲು ಬಿಟ್ಟಾಗ.

ಪುಸ್ತಕದ ಒಂದು ಮಾತನ್ನು ಮಾತ್ರ ಇಲ್ಲಿ ಪಾಲಿಸಬಾರದು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎನ್ನುತ್ತವೆ. ಆ ಕೋಣೆ ಯುರೋಪಿನದು, 16ರಿಂದ 18 ಡಿಗ್ರಿಯದು. ಪಾವಗಡದ ಏಪ್ರಿಲ್ ತಿಂಗಳ ಕೋಣೆಯಲ್ಲಿ ಬಗ್ಗಿಸಿದರೆ ಮದ್ಯಸಾರದ ಘಾಟು ಬಿಟ್ಟು ಬೇರೇನೂ ಮೂಗಿಗೆ ಬಾರದು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ, ಹಣ್ಣು ಮತ್ತೆ ಕಾಣಿಸಿಕೊಳ್ಳುತ್ತದೆ. ಬಿಳಿ ವೈನಿಗೆ ಇನ್ನೂ ತಂಪು ಬೇಕು. ಕೊಳ್ಳುವಾಗ ಕಿಟಕಿಯ ಬಿಸಿಲಿಗೆ ನಿಂತ ಬಾಟಲಿ ಬೇಡ. ಲೇಬಲ್ಲಿನಲ್ಲಿ ವರ್ಷ ನೋಡಿ ಹೊಸದನ್ನೇ ತೆಗೆದುಕೊಳ್ಳಿ. ಅಗ್ಗದ ವೈನು ಇಟ್ಟಷ್ಟೂ ಒಳ್ಳೆಯದಾಗುತ್ತದೆ ಎಂಬುದು ಸುಳ್ಳು. ಬಹುಪಾಲು ವೈನು ಎಳೆಯದಾಗಿರುವಾಗಲೇ ಚೆನ್ನ. ತಿರುಪು ಮುಚ್ಚಳ ಕಂಡು ಕೀಳೆಂದು ತಿಳಿಯುವುದೂ ಬೇಡ, ನಮ್ಮ ಬಿಸಿಲಿಗೆ ಬೆಂಡಿಗಿಂತ ಅದೇ ವಾಸಿ. ತೆರೆದ ಬಾಟಲಿಯನ್ನು ಎರಡು ಮೂರು ದಿನದೊಳಗೆ ಮುಗಿಸಬೇಕು.

ಊಟದ ಜೊತೆ ಕೂಡಿಸುವುದೇ ನನಗೆ ಅತಿ ಖುಷಿಯ ಭಾಗ. ಸಿಹಿ ಕೆಂಪು ವೈನಿಗೆ ಪಾವಗಡ ಕಡೆಯ ಕಡಲೆಕಾಯಿಯನ್ನು ಉಪ್ಪು ಹಾಕಿ ಹುರಿದು ತಿಂದು ನೋಡಿ. ಉಪ್ಪು ಸಿಹಿಯ ಮೊಂಡುತನ ಮುರಿಯುತ್ತದೆ, ಬೀಜದ ಎಣ್ಣೆ ಒಗರನ್ನು ನುಣುಪಾಗಿಸುತ್ತದೆ. ಕರಿದ ಹಲಸಿನ ಹಪ್ಪಳವೂ ಹಾಗೇ. ಮುದ್ದೆ, ನಾಟಿ ಕೋಳಿ ಸಾರು ಇದ್ದ ದಿನ ಒಗರಿನ ಕೆಂಪು ವೈನು ತೆಗೆಯಬೇಡಿ. ಖಾರವೂ ಮದ್ಯಸಾರವೂ ಕೂಡಿ ಬಾಯಿ ಉರಿಯುತ್ತದೆ, ಒಗರು ಕಹಿಯಾಗುತ್ತದೆ. ಆ ದಿನಕ್ಕೆ ತಣ್ಣಗಿನ, ತುಸು ಸಿಹಿಯಿರುವ ಶೆನಿನ್ ಬ್ಲಾಂ ಎಂಬ ಬಿಳಿ ವೈನು ಸರಿ. ಸೊಪ್ಪಿನ ಬಸ್ಸಾರಿಗೆ ಸೊವಿನ್ಯೋ ಬ್ಲಾಂ ಎಂಬ ಇನ್ನೊಂದು ಬಿಳಿ ವೈನು. ಅದರಲ್ಲಿ ದೊಣ್ಣೆ ಮೆಣಸಿನಕಾಯಿಯ ಹಸಿ ವಾಸನೆಯ ಅಂಶವೇ ಇರುವುದರಿಂದ ಸೊಪ್ಪಿಗೆ ಹೊಂದುತ್ತದೆ. ಕಾಳುಮೆಣಸು ಹಾಕಿ ಹುರಿದ ಕುರಿ ಮಾಂಸಕ್ಕೆ ಶಿರಾಜ್ ಎಂಬ ಕೆಂಪು ವೈನು. ಮೆಣಸಿಗೆ ಘಾಟು ಕೊಡುವ ರೊಟುಂಡೋನ್ ಶಿರಾಜ್ ದ್ರಾಕ್ಷಿಯಲ್ಲೂ ಇದೆ. ಈ ಮೂರೂ ತಳಿಗಳ ವೈನು ನಮ್ಮ ದೇಶದಲ್ಲೇ ತಯಾರಾಗುತ್ತದೆ.

ಒಂದೊಂದಕ್ಕೂ ಪೂರ್ತಿ ಬಾಟಲಿ ಕೊಳ್ಳುವುದು ಜೇಬಿಗೆ ಭಾರ. ವೈನ್ ಮಂಡಳಿ ನಡೆಸುವ ಮೇಳಗಳು ಹವ್ಯಾಸಿಗೆ ವರದಾನವಾಗುವುದು ಇಲ್ಲೇ. ಚಿಕ್ಕ ಚಿಕ್ಕ ಗುಟುಕಿನಲ್ಲಿ ಹಲವು ತಯಾರಕರ ವೈನು ರುಚಿ ನೋಡಬಹುದು. ದೊಡ್ಡಬಳ್ಳಾಪುರದ ರಘುನಾಥಪುರದಲ್ಲಿ ಗ್ರೋವರ್, ಚನ್ನಪಟ್ಟಣದಲ್ಲಿ ಹೆರಿಟೇಜ್ ವೈನರಿಗಳು ಬಂದವರಿಗೆ ತೋಟವನ್ನೂ ಪೀಪಾಯಿಗಳನ್ನೂ ತೋರಿಸಿ ರುಚಿಗೆ ಕೊಡುತ್ತವೆ. ಕೊಪ್ಪಳ ಜಿಲ್ಲೆಯಲ್ಲಿ ಹಂಪಿಯ ಬಂಡೆಗಳ ಸೀಮೆಯ ಕೃಷ್ಮಾ ಎಸ್ಟೇಟ್‌ ವೈನಿಗೆ ಒಳ್ಳೆಯ ಹೆಸರಿದೆ, ಬೆಲೆ ಮಾತ್ರ ನಮ್ಮಂಥವರಿಗೆ ಹಬ್ಬದ್ದು. ರಕ್ತಕ್ಕೆ ಒಳ್ಳೆಯದು, ಮೈಬಣ್ಣಕ್ಕೆ ಒಳ್ಳೆಯದು ಎಂದುಕೊಂಡು ಕುಡಿಯುವವರಿಗೂ ಒಂದು ಮಾತು ಹೇಳಬೇಕು. ಮದ್ಯಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ರುಚಿಗಾಗಿ, ಅಪರೂಪಕ್ಕೆ, ಸ್ವಲ್ಪ. ಔಷಧಿ ಎಂದಂತೂ ಅಲ್ಲವೇ ಅಲ್ಲ.

ನಮ್ಮ ತೋವಿನಕೆರೆ ಸುತ್ತಿನ ಹಣ್ಣು ಹಲಸು. ತುಮಕೂರಿನ ಹಿರೇಹಳ್ಳಿಯಲ್ಲಿರುವ ತೋಟಗಾರಿಕೆ ಪ್ರಯೋಗ ಕೇಂದ್ರ ನಮ್ಮ ಜಿಲ್ಲೆಯ ಹಲಸನ್ನು ಹುಡುಕಿ, ಗುಬ್ಬಿ ತಾಲ್ಲೂಕಿನ ಚೇಳೂರು ಸೀಮೆಯ ಕೆಂದೊಳೆಯ 'ಸಿದ್ದು' ತಳಿಯನ್ನು ಬೆಳಕಿಗೆ ತಂದಿತು. ಹಪ್ಪಳ, ಚಿಪ್ಸು ಆಯಿತು. ಮರದಡಿ ಕೊಳೆಯುವ ಹಣ್ಣಿನಿಂದ ವೈನೂ ಆಗಬಹುದು ಎಂಬ ಆಸೆ ನನ್ನದು. ಕೊಡಗಿನ ಅಂಗಡಿಗಳಲ್ಲಿ ಶುಂಠಿ, ನೆಲ್ಲಿ, ವೀಳ್ಯದೆಲೆಯದೂ ಸೇರಿ ಎಷ್ಟೋ ಬಗೆಯ ಮನೆವೈನುಗಳನ್ನು ಪ್ರವಾಸಿಗರು ಕೊಂಡೊಯ್ಯುವುದನ್ನು ನೋಡಿದಾಗಲೆಲ್ಲ ಇದು ನೆನಪಾಗುತ್ತದೆ. ಆದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಹಳ್ಳಿಯ ಮಹಿಳಾ ಸಂಘಕ್ಕೋ ರೈತರ ಕಂಪನಿಗೋ ಎಟುಕುವಂಥ ಸಣ್ಣ ಪರವಾನಗಿಯ ದಾರಿಯನ್ನು ಸರ್ಕಾರ ಸಲೀಸು ಮಾಡಬೇಕು.

ಬ್ಲೂ ದ್ರಾಕ್ಷಿಯ ಕಥೆಯಲ್ಲಿ ಈಗಿರುವ ದುಃಖ ನೆಲದ್ದು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಲಿನ ಎಕರೆಯ ಬೆಲೆ ದ್ರಾಕ್ಷಿಯ ಲೆಕ್ಕಕ್ಕೆ ಸಿಗದಷ್ಟು ಏರಿತು. ಚಪ್ಪರ ಕಳಚಿದ ಕಲ್ಲುಕಂಬಗಳು ಲೇಔಟುಗಳ ಬೇಲಿಯಾದವು. 2020ರ ಲಾಕ್‌ಡೌನ್‌ನಲ್ಲಿ ಕೊಯ್ಲಿಗೆ ಬಂದ ಹಣ್ಣನ್ನು ಕೊಳ್ಳುವವರಿಲ್ಲದೆ ಚಿಕ್ಕಬಳ್ಳಾಪುರದ ಬೆಳೆಗಾರರು ಕಂಗೆಟ್ಟರು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಮಾತ್ರ ವರ್ಷಗಟ್ಟಲೆ ಧರಣಿ ಕೂತು, 1,777 ಎಕರೆಯ ಸ್ವಾಧೀನವನ್ನು ಸರ್ಕಾರ 2025ರ ಜುಲೈನಲ್ಲಿ ಕೈಬಿಡುವಂತೆ ಮಾಡಿದರು. ಉಳಿದ ತೋಟಗಳು ಉಳಿಯಬೇಕಾದರೆ ಹಣ್ಣಿಗೆ ಒಂದು ಸ್ಥಿರವಾದ ಬೆಲೆ ಬೇಕು. ಅದನ್ನು ಒಳ್ಳೆಯ ವೈನು ಕೊಡಬಲ್ಲದು. ಸಕ್ಕರೆ ತಗ್ಗಿಸಿ, ಘಮಲು ಉಳಿಸಿ, 'ಬೆಂಗಳೂರು ಬ್ಲೂ' ಎಂದು ದಪ್ಪಕ್ಷರದಲ್ಲಿ ಮುಂದೆಯೇ ಬರೆದು, ಕೆಳಗೆ ಊರು ಮತ್ತು ಬೆಳೆಯ ವರ್ಷ ಹಾಕಿದ ಬಾಟಲಿ, ಮಧುಗಿರಿಯ ಅಂಗಡಿಯಲ್ಲೂ ಸಿಗುವ ಬೆಲೆಗೆ. ಬುರ್ಗನ್‌ಲಾಂಡಿನವರಿಗೆ ಅಂಥದ್ದೊಂದು ಇದೆ. ಹೆಸರು ಕೊಟ್ಟ ಸೀಮೆಯವರಾದ ನಮಗೆ ಇನ್ನೂ ಇಲ್ಲ.