ಇಳಿತದ ಹೊತ್ತಿನಲ್ಲಿ ಒಂದು ಕಯಾಕ್

ಹುಣಸಗಿಯವರಾದ ನಮಗೆ ನದಿ ಎಂದರೆ ಕೃಷ್ಣೆ. ನಾರಾಯಣಪುರದಲ್ಲಿ ಗೇಟು ತೆಗೆದರೆ ಹೊಳೆ ತುಂಬ ನೀರು, ಮುಚ್ಚಿದರೆ ಬರೀ ಬಂಡೆ. ಯಾರೂ ಗೇಟು ಮುಟ್ಟದೆಯೇ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುವ ನೀರನ್ನು ನಾನು ನೋಡಿದ್ದು ಅರವತ್ತು ದಾಟಿದ ಮೇಲೆ. ಸಂಕ್ರಾಂತಿಯ ರಜೆಯಲ್ಲಿ, ಆರನೇ ತರಗತಿಯ ಮೊಮ್ಮಗನ ಜೊತೆ, ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ.

ನದಿ ಸಮುದ್ರ ಸೇರುವ ಜಾಗವೇ ಅಳಿವೆ. ಸಿರ್ಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ ಬರುವ ಅಘನಾಶಿನಿಗೆ ಎಲ್ಲೂ ಅಣೆಕಟ್ಟಿಲ್ಲ. ಇಲ್ಲಿ ಸಿಹಿನೀರು ಉಪ್ಪುನೀರು ಬೆರೆಯುತ್ತವೆ. ಅಂಚಿನಲ್ಲಿ ಕಾಂಡ್ಲಾ ಕಾಡು, ನಡುವೆ ಕೆಸರು. ಆ ಕೆಸರಿನಲ್ಲಿ ಏಡಿ, ಹುಳು, ಬಳಚು. ಇಳಿತವಾದಾಗ ಊರಿನವರು ಬಳಚು ಆರಿಸಲು ಇಳಿಯುತ್ತಾರೆ, ಹಕ್ಕಿಗಳೂ ಇಳಿಯುತ್ತವೆ. 2024ರಲ್ಲಿ ಈ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು, ಅಂದರೆ ಜಗತ್ತೇ ಕಾಪಾಡಬೇಕಾದ ಜೌಗು ನೆಲ.

ನಾವು ಹತ್ತಿದ್ದು ಇಬ್ಬರು ಕೂರುವ ಕಯಾಕ್. ನಮ್ಮ ಹರಿಗೋಲು ಬುಟ್ಟಿಯಂತೆ ಗುಂಡಗೆ, ಗಿರಗಿರ ತಿರುಗುತ್ತದೆ. ಇದು ಬೆಂಡೆಕಾಯಿಯಂತೆ ಉದ್ದ, ನೇರ ಹೋಗುತ್ತದೆ. ಆದರೂ ಎರಡೂ ದೂರದ ನೆಂಟರೇ. ಹರಿಗೋಲಿನ ಬಿದಿರಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಹಿಮನಾಡಿನ ಇನುಯಿಟ್ ಜನ ಕಯಾಕಿಗೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಬೇಟೆಗೆ ಹೋಗುತ್ತಿದ್ದರು. ಸದ್ದಿಲ್ಲದೆ ಸಾಗುವ ದೋಣಿ ಬೇಟೆಗಾರನಿಗೆ ಎಷ್ಟು ಬೇಕೋ ಕ್ಯಾಮೆರಾದವನಿಗೂ ಅಷ್ಟೇ ಬೇಕು. ಅಮೆರಿಕದ ಜಾರ್ಜ್ ಶೈರಸ್ ಎಂಬಾತ ಬಂದೂಕು ಬಿಟ್ಟು ಕ್ಯಾಮೆರಾ ಹಿಡಿದವನು. ರಾತ್ರಿ ಸಣ್ಣ ದೋಣಿಯಲ್ಲಿ ದೀಪ ಇಟ್ಟುಕೊಂಡು ಜಿಂಕೆಗಳ ಚಿತ್ರ ತೆಗೆದ. 1906ರ ಜುಲೈನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವನ 74 ಚಿತ್ರಗಳನ್ನು ಒಟ್ಟಿಗೆ ಅಚ್ಚುಹಾಕಿತು.

ಕಯಾಕಿನಲ್ಲಿ ಕೂತರೆ ನಮ್ಮ ಕಣ್ಣು ನೀರಿಗೆ ಬಹಳ ಹತ್ತಿರ. ದಡದಲ್ಲಿ ನಿಂತು ತೆಗೆದರೆ ಹಕ್ಕಿಯ ಬೆನ್ನು ಬೀಳುತ್ತದೆ, ಇಲ್ಲಿಂದ ತೆಗೆದರೆ ಅದರ ಮುಖ. ಮೊಮ್ಮಗ ಮುಂದೆ ಕೂತಿದ್ದ, ಲೈಫ್ ಜಾಕೆಟ್ ತೊಟ್ಟು, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು. ಊರಿನ ಹುಡುಗನೊಬ್ಬ ಇನ್ನೊಂದು ಕಯಾಕಿನಲ್ಲಿ ಜೊತೆಗಿದ್ದ. ಕೆಸರಿನ ಮೇಲೆ ನೂರಾರು ಗೊರವಗಳು ಕೊಕ್ಕು ಚುಚ್ಚುತ್ತಿದ್ದವು.

"ಮುತ್ಯಾ, ಇನ್ನೊಂಚೂರು ಮುಂದ ಹೋಗೂಣು."

ಹೋದೆ. "ಇನ್ನೊಂಚೂರು." ಮತ್ತೆ ಹೋದೆ. ಮೊಮ್ಮಗ ಕೇಳಿದರೆ ಇಲ್ಲ ಅನ್ನುವ ಅಜ್ಜ ಯಾರಿದ್ದಾರೆ? ಹಕ್ಕಿಗಳು ತಿನ್ನುವುದು ಬಿಟ್ಟು ತಲೆ ಎತ್ತಿದವು. ಅದೇ ಎಚ್ಚರಿಕೆ ಎಂದು ನನಗೆ ತಿಳಿಯಲಿಲ್ಲ. ನನ್ನ ಹುಟ್ಟು ದೋಣಿಗೆ ಟಕ್ಕೆಂದು ತಾಗಿತು, ಅಷ್ಟೇ. ಇಡೀ ಹಿಂಡು ಒಮ್ಮೆಲೇ ಎದ್ದು ಆಚೆ ದಡಕ್ಕೆ ಹಾರಿತು.

ಹುಡುಗ ಬೈಯಲಿಲ್ಲ. "ಅವಕ್ಕೆ ಊಟಕ್ಕೆ ಇಷ್ಟೇ ಹೊತ್ತು ಮಾರಾಯ್ರೆ, ನೀರು ಏರಿದ್ರೆ ತಟ್ಟೆ ಮುಚ್ಚಿದ ಹಾಗೆ" ಅಂದ. ಭರತದಿಂದ ಇಳಿತಕ್ಕೆ ಸುಮಾರು ಆರು ಗಂಟೆ. ಅದರಲ್ಲೂ ಕೆಸರು ತೆರೆದಿರುವುದು ಸ್ವಲ್ಪ ಹೊತ್ತು. ಸಾವಿರಾರು ಮೈಲಿ ದೂರದ ಉತ್ತರದ ನಾಡುಗಳಿಂದ ಬಂದ ಈ ಹಕ್ಕಿಗಳು ಬೇಸಿಗೆಗೆ ಅಲ್ಲಿಗೇ ಮರಳಬೇಕು. ದಾರಿಗೆ ಬುತ್ತಿ ಎಂದರೆ ಮೈಯಲ್ಲಿ ಕಟ್ಟಿಕೊಂಡ ಕೊಬ್ಬು. ಸುಮ್ಮಸುಮ್ಮನೆ ಹಾರಿಸಿದಷ್ಟೂ ಆ ಬುತ್ತಿ ಖಾಲಿ.

ಮೊಮ್ಮಗನ ಮುಖ ಸಣ್ಣದಾಯಿತು. ಅಷ್ಟರಲ್ಲಿ ನಮ್ಮದೇ ತಳ ಕೆಸರಿಗೆ ಕೂತಿತು.

"ಮುತ್ಯಾ, ನೀರ ಎಲ್ಲಿ ಹೋತು?"

ಇಳಿದು ತಳ್ಳಲು ಹೊರಟವನನ್ನು ಹುಡುಗ ತಡೆದ. ಸೊಂಟದವರೆಗೆ ಹುಗಿಯುವ ಕೆಸರಂತೆ. ನೀರು ಮರಳುವವರೆಗೆ ಅಲ್ಲೇ ಕೂರಬೇಕು. ಟೋಪಿ ಮುಂದಕ್ಕೆಳೆದು, ಮನೆಯಿಂದ ತಂದ ಶೇಂಗಾ ಹೋಳಿಗೆ ಮುರಿದು ತಿಂದೆವು, ಮಾತಿಲ್ಲ. ಒಂದು ಗಂಟೆಯಾಗಿರಬೇಕು. ಮೊದಲು ಕೆಂಪು ಏಡಿಗಳು ಬಿಲದಿಂದ ಹೊರಬಂದವು. ಆಮೇಲೆ ಒಂದು ಗೊರವ, ಅದರ ಹಿಂದೆ ಮತ್ತೆರಡು. ನಾವು ಅಲ್ಲಿಲ್ಲವೇ ಇಲ್ಲ ಎಂಬಂತೆ ನಡೆಯುತ್ತಾ ನಡೆಯುತ್ತಾ ಹುಟ್ಟಿನ ತುದಿಯವರೆಗೆ ಬಂದವು.

ಮೊಮ್ಮಗ ಕ್ಯಾಮೆರಾ ಎತ್ತಲಿಲ್ಲ. ಎತ್ತಿದರೆ ಹಾರಿಯಾವು ಎಂದು ತೊಡೆಯ ಮೇಲಿದ್ದಂತೆಯೇ, ನೋಡದೆ, ಒಂದೇ ಸಲ ಗುಂಡಿ ಒತ್ತಿದ. ಆ ಚಿತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಆಕಾಶ, ಒಂದು ಮೂಲೆಯಲ್ಲಿ ನನ್ನ ಟೋಪಿ, ಕೆಳಗೆ ಒಂದು ಹಕ್ಕಿ, ಅದರ ಕೊಕ್ಕಿನಲ್ಲಿ ಏಡಿಯ ಒಂದು ಕಾಲು. ಈಗ ಅದು ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಬಂದವರೆಲ್ಲ ಮೊದಲು ಟೋಪಿಯನ್ನೇ ನೋಡುತ್ತಾರೆ.