ರೇಖೆಗಳನ್ನು ಎಣಿಸಿ ಆಕೃತಿಯನ್ನು ಕಾಣುವುದು

ವೃತ್ತವೊಂದಕ್ಕೆ ನೂರಾರು ಸ್ಪರ್ಶರೇಖೆಗಳನ್ನೆಳೆದು ಅನಂತರ ವೃತ್ತವನ್ನು ಅಳಿಸಿದರೂ, ರೇಖೆಗಳ ನಡುವೆ ಬರಿದಾಗಿ ಉಳಿದ ಎಡೆಯಲ್ಲಿ ಅದರ ಆಕಾರವು ಎದ್ದು ಕಾಣುತ್ತದೆ. ಸ್ಪರ್ಶರೇಖೆಗಳ ಕುಟುಂಬವೇ ಇಲ್ಲಿ ವೃತ್ತದ ಗುರುತು. ಉದ್ದ, ಕೋನ, ವಕ್ರತೆ ಯಾವುದೂ ಇಲ್ಲದ, ಕೆಲವೇ ಬಿಂದುಗಳುಳ್ಳ ಜಗತ್ತಿನಲ್ಲಿಯೂ ರೇಖೆಗಳಿಂದ ಆಕೃತಿಯನ್ನು ಗುರುತಿಸಬಹುದೆ? ಸಾಂತ ಪ್ರಕ್ಷೇಪ ರೇಖಾಗಣಿತವು ಕೇಳುವ ಪ್ರಶ್ನೆಗಳಲ್ಲಿ ಇದೊಂದು.

ಅಂತಹ ಜಗತ್ತೊಂದನ್ನು ನಾವೇ ಕಟ್ಟಿ ನೋಡೋಣ. ಮೈಸೂರು ಜಿಲ್ಲೆಯ ಆರು ಊರುಗಳನ್ನು ತೆಗೆದುಕೊಳ್ಳೋಣ: ಸೋಮನಾಥಪುರ, ನಂಜನಗೂಡು, ತಿರುಮಕೂಡಲು ನರಸೀಪುರ, ತಲಕಾಡು, ಬನ್ನೂರು, ಮೈಸೂರು. ಎರಡೆರಡು ಊರುಗಳನ್ನು ಕೂಡಿಸಿದರೆ 15 ಜೋಡಿಗಳಾಗುತ್ತವೆ. ಒಂದೊಂದು ಜೋಡಿಯನ್ನೂ ಒಂದೊಂದು ‘ಬಿಂದು’ವೆಂದು ಕರೆಯೋಣ. ಮೂರು ಬಿಂದುಗಳು ಸೇರಿ ಒಂದು ‘ರೇಖೆ’. ರೇಖೆಗಳಲ್ಲಿ ಎರಡು ಬಗೆ. ಆರು ಊರುಗಳನ್ನೂ ಮೂರು ಜೋಡಿಗಳಾಗಿ ಹಂಚಿದರೆ ಒಂದು ಬಗೆ; ಇವು 15. ಯಾವುವಾದರೂ ಮೂರು ಊರುಗಳಿಂದಾಗುವ ಮೂರು ಜೋಡಿಗಳು ಇನ್ನೊಂದು ಬಗೆ, ಇವು 20. ಒಟ್ಟು 35 ರೇಖೆಗಳು. ಯಾವ ಎರಡು ಬಿಂದುಗಳ ಮೂಲಕವೂ ಒಂದೇ ಒಂದು ರೇಖೆ ಹಾಯುವುದೆಂಬುದನ್ನು ಓದುಗರು ಸುಲಭವಾಗಿ ಪರೀಕ್ಷಿಸಬಹುದು. ಹೀಗೆ ದೊರೆತದ್ದು ಮೂರು ಆಯಾಮಗಳ ಅತಿ ಚಿಕ್ಕ ಪ್ರಕ್ಷೇಪ ಆಕಾಶ.

ಈಗ ಸೋಮನಾಥಪುರವು ಸೇರಿರುವ ಐದು ಬಿಂದುಗಳನ್ನು ಆರಿಸೋಣ. ಇವುಗಳಲ್ಲಿ ಯಾವ ಮೂರೂ ಒಂದೇ ರೇಖೆಯ ಮೇಲಿಲ್ಲ. ಗೋಳದ ಸ್ಥಾನದಲ್ಲಿ ನಿಲ್ಲುವ ಈ ಗಣವನ್ನು ಅಂಡಗೋಲವೆನ್ನೋಣ. ಮೊದಲನೆಯ ಬಗೆಯ 15 ರೇಖೆಗಳಲ್ಲಿ ಪ್ರತಿಯೊಂದೂ ಅದನ್ನು ಒಂದೇ ಬಿಂದುವಿನಲ್ಲಿ ಮುಟ್ಟುತ್ತದೆ, ಇವು ಸ್ಪರ್ಶರೇಖೆಗಳು. ಸೋಮನಾಥಪುರವಿರುವ ತ್ರಿಕಗಳ 10 ರೇಖೆಗಳು ಎರಡು ಬಿಂದುಗಳಲ್ಲಿ ಕಡಿಯುತ್ತವೆ, ಇವು ಛೇದಕಗಳು. ಉಳಿದ 10 ಬಾಹ್ಯರೇಖೆಗಳು.

ಊರಿನ ಹೆಸರುಗಳನ್ನು ಅಳಿಸಿ, ಛೇದಕಗಳ ಪಟ್ಟಿಯೊಂದನ್ನೇ ನಮ್ಮ ಕೈಗೆ ಕೊಟ್ಟರೆನ್ನೋಣ. ಒಂದೊಂದು ಬಿಂದುವಿನ ಮೂಲಕ ಎಷ್ಟು ಛೇದಕಗಳು ಹಾಯುತ್ತವೆಂದು ಎಣಿಸಿದರಾಯಿತು. ಐದು ಬಿಂದುಗಳಲ್ಲಿ ನಾಲ್ಕು ನಾಲ್ಕು, ಉಳಿದ ಹತ್ತರಲ್ಲಿ ಒಂದೊಂದು. ಆ ಐದೇ ಅಂಡಗೋಲ. ಎಣಿಕೆಯೊಂದೇ ಆಕೃತಿಯನ್ನು ಹಿಡಿದುಕೊಟ್ಟಿತು.

ಸ್ಪರ್ಶರೇಖೆಗಳಾದರೋ ನಮ್ಮನ್ನು ಕೈಬಿಡುತ್ತವೆ. ಹದಿನೈದು ಬಿಂದುಗಳಲ್ಲಿಯೂ ಮೂರು ಮೂರು ಸ್ಪರ್ಶರೇಖೆಗಳೇ. ಕಾರಣವೂ ಸ್ಪಷ್ಟ: ಸೋಮನಾಥಪುರದ ಬದಲು ನಂಜನಗೂಡನ್ನು ಆರಿಸಿದ್ದರೂ ಸ್ಪರ್ಶರೇಖೆಗಳು ಅವೇ ಆಗುತ್ತಿದ್ದವು. ಆರು ಅಂಡಗೋಲಗಳಿಗೆ ಒಂದೇ ಸ್ಪರ್ಶರೇಖಾಕುಟುಂಬ! ವೃತ್ತದ ವಿಷಯದಲ್ಲಿ ನಿಜವಾದುದು ಇಲ್ಲಿ ನಿಜವಲ್ಲ. ಆದುದರಿಂದ ಯಾವ ಕುಟುಂಬವು ಆಕೃತಿಯನ್ನು ನಿರ್ಧರಿಸುತ್ತದೆ, ಯಾವುದು ನಿರ್ಧರಿಸುವುದಿಲ್ಲ ಎಂಬುದನ್ನು ಸಾಧಿಸಿಯೇ ತಿಳಿಯಬೇಕು. ದೊಡ್ಡ ಆಕಾಶಗಳಲ್ಲಿ ಗಣಿತಜ್ಞರು ಮಾಡುವುದೂ ಇದನ್ನೇ: ಪ್ರತಿ ಬಿಂದುವಿನಲ್ಲಿ ಎಷ್ಟು ರೇಖೆ, ಪ್ರತಿ ಸಮತಲದಲ್ಲಿ ಎಷ್ಟು ರೇಖೆ ಎಂಬ ಸಂಖ್ಯೆಗಳಿಂದಲೇ ರೇಖಾಕುಟುಂಬದ ಲಕ್ಷಣವನ್ನು ನಿರೂಪಿಸುವುದು.

ಈ ಶಾಸ್ತ್ರಕ್ಕೆ ಭಾರತೀಯರ ಕೊಡುಗೆ ಸಣ್ಣದಲ್ಲ. ಪ್ರಯೋಗಗಳನ್ನು ಯೋಜಿಸುವ ಸಂಖ್ಯಾಶಾಸ್ತ್ರದ ಸಮಸ್ಯೆಗಳಿಗಾಗಿ ರಾಜಚಂದ್ರ ಬೋಸರು 1947ರಲ್ಲಿ, ಯಾವ ಮೂರೂ ಒಂದೇ ರೇಖೆಗೆ ಬೀಳದಂತೆ ಎಷ್ಟು ಬಿಂದುಗಳನ್ನು ಆರಿಸಬಹುದೆಂದು ವಿಚಾರಿಸಿದರು. 1955ರಲ್ಲಿ ಇಟಲಿಯ ಬೆನಿಯಾಮಿನೊ ಸೆಗ್ರೆ ಮುಂದಿನ ಹೆಜ್ಜೆಯನ್ನಿಟ್ಟರು. ಸಾಂತ ಕ್ಷೇತ್ರದ ಮೇಲೆ ಕಟ್ಟಿದ ಸಮತಲದಲ್ಲಿ ಪ್ರತಿ ರೇಖೆಗೂ ಸಮಸಂಖ್ಯೆಯ ಬಿಂದುಗಳಿದ್ದರೆ, ಅಷ್ಟೇ ಬಿಂದುಗಳನ್ನು ಮೇಲಿನ ನಿಯಮದಂತೆ ಆರಿಸಿದಾಗ ಅವು ಶಂಕುಚ್ಛೇದವೇ ಆಗಿರಬೇಕೆಂದು ಅವರು ಸಾಧಿಸಿದರು. ಬರಿಯ ಎಣಿಕೆಯ ನಿಯಮವೊಂದು ಹೀಗೆ ಬೀಜಗಣಿತದ ಸಮೀಕರಣಕ್ಕೆ ನಮ್ಮನ್ನು ತಲಪಿಸುತ್ತದೆ.

ಬೆಂಗಳೂರಿನ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದೀರ್ಘಕಾಲ ದುಡಿದ ಭಾಸ್ಕರ್ ಬಾಗ್ಚಿ ಮತ್ತು ಎನ್. ಎಸ್. ನರಸಿಂಹ ಶಾಸ್ತ್ರಿಯವರು 1980ರ ದಶಕದಲ್ಲಿ ಇನ್ನೊಂದು ಸೊಗಸಾದ ಸಂಗತಿಯನ್ನು ತೋರಿಸಿದರು. ಪ್ರತಿ ರೇಖೆಯಲ್ಲಿಯೂ ಬೆಸಸಂಖ್ಯೆಯ ಬಿಂದುಗಳಿರುವ ಆಕಾಶದಲ್ಲಿ, ಒಂದೇ ಸ್ಪರ್ಶರೇಖಾಕುಟುಂಬವನ್ನು ಹಂಚಿಕೊಂಡ ಎರಡು ಅಂಡಗೋಲಗಳು ಬೆಸಸಂಖ್ಯೆಯ ಬಿಂದುಗಳಲ್ಲಿಯೇ ಸಂಧಿಸುತ್ತವೆ. ನಮ್ಮ ಪುಟ್ಟ ಆಕಾಶದಲ್ಲಿ ಇದನ್ನು ಕಣ್ಣಾರೆ ಕಾಣಬಹುದು: ಸೋಮನಾಥಪುರದ ಐದು ಬಿಂದುಗಳಿಗೂ ನಂಜನಗೂಡಿನ ಐದು ಬಿಂದುಗಳಿಗೂ ಸಮಾನವಾದುದು ಒಂದೇ, ಅದು ಆ ಎರಡು ಊರುಗಳ ಜೋಡಿ.

ಬಾಹ್ಯರೇಖೆಗಳ ಪಟ್ಟಿಯನ್ನು ಮಾತ್ರ ಕೊಟ್ಟರೆ ಅಂಡಗೋಲವು ಸಿಕ್ಕೀತೆ? ಕಾಗದ, ಪೆನ್ಸಿಲುಗಳೆರಡೇ ಸಾಕು. ಓದುಗರು ಎಣಿಸಿ ನೋಡಲಿ.