ಒಂದು ಹೋಸು, ಎರಡು ಕವಲು

ಫೆಬ್ರವರಿ ಮುಗಿಯುವಷ್ಟರಲ್ಲಿ ಸಕಲೇಶಪುರ, ಆಲೂರಿನ ಗುಡ್ಡಗಳ ಹುಲ್ಲು ಒಣಗಿ ನಿಂತಿರುತ್ತದೆ. ರೋಬಸ್ಟಾ ಕಾಫಿ ತೋಟಗಳಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಕಾಲ ಅದು, ಬೆಂಕಿ ಬೀಳುವ ಕಾಲವೂ ಹೌದು. ಅಗ್ನಿಶಾಮಕ ವಾಹನ ರಸ್ತೆ ಇರುವಷ್ಟು ದೂರ ಬರುತ್ತದೆ, ಅಲ್ಲಿಂದ ಮೇಲಕ್ಕೆ ನೀರು ಹೋಸಿನಲ್ಲೇ ಏರಬೇಕು. ಬೆಂಕಿ ಎರಡು ಮಗ್ಗುಲಿಗೆ ಹಬ್ಬಿದ್ದರೆ ಆ ಒಂದು ಹೋಸನ್ನೇ ಎರಡಾಗಿಸಬೇಕು. ಅದಕ್ಕಿರುವ ಸಾಧನ ಡಿವೈಡಿಂಗ್ ಬ್ರೀಚಿಂಗ್.

ನೋಡಲು ಕವೆಗೋಲಿನಂತಿರುವ ಲೋಹದ ತುಂಡು ಇದು. ನೀರು ಬರುವ ಕಡೆ ಗಂಡು ಕಪ್ಲಿಂಗ್, ಹೋಗುವ ಕಡೆ ಎರಡು ಹೆಣ್ಣು ಕಪ್ಲಿಂಗ್. ಒತ್ತಿದೊಡನೆ ಸ್ಪ್ರಿಂಗ್ ಕೊಕ್ಕೆ ಹಿಡಿದುಕೊಳ್ಳುತ್ತದೆ, ತಿರುಪುವ ಕೆಲಸವಿಲ್ಲ. ಇದರ ಭಾರತೀಯ ಮಾನಕ ಐಎಸ್ 905.

ಕವಲೊಡೆದ ಮಾತ್ರಕ್ಕೆ ನೀರು ಹೆಚ್ಚಾಗದು. ಒಂದೇ ಹೋಸಿನಲ್ಲಿ ಎರಡರಷ್ಟು ನೀರು ಹರಿಸಿದರೆ ಘರ್ಷಣೆಯಲ್ಲಿ ಕಳೆದುಹೋಗುವ ಒತ್ತಡ ಸುಮಾರು ನಾಲ್ಕು ಪಟ್ಟಾಗುತ್ತದೆ. ಇದರ ಮೇಲೆ ಗುಡ್ಡದ ಲೆಕ್ಕ ಬೇರೆ: ಪ್ರತಿ 10 ಮೀಟರ್ ಏರಿಗೆ ಹತ್ತಿರ ಹತ್ತಿರ 1 ಬಾರ್ ಒತ್ತಡ ಖರ್ಚು. 30 ಮೀಟರ್ ಮೇಲಿನ ಬೆಂಕಿಗೆ ನೀರು ಮುಟ್ಟುವ ಮೊದಲೇ ಪಂಪಿನ 3 ಬಾರ್ ಹೋಗಿರುತ್ತದೆ. ಹಾಗಾಗಿ ಇಳಿಜಾರಿನಲ್ಲಿ ಎರಡು ದೊಡ್ಡ ನಾಝಲ್‌ಗಿಂತ ಎರಡು ಚಿಕ್ಕವೇ ವಾಸಿ. ಹೋಸು ಸಾಕಷ್ಟಿದ್ದರೆ ಪಂಪಿನಿಂದಲೇ ಎರಡು ಸಾಲು ಎಳೆಯುವುದು ಇನ್ನೂ ಒಳ್ಳೆಯದು.

ವಾಲ್ವ್ ಇರುವ ಬ್ರೀಚಿಂಗ್ ಸಿಕ್ಕರೆ ಅದನ್ನೇ ಆರಿಸಬೇಕು. ಒಂದು ಕವಲಿನ ಹೋಸು ಒಡೆದರೆ ಅದನ್ನಷ್ಟೇ ಮುಚ್ಚಿ ಬದಲಿಸಬಹುದು, ಇನ್ನೊಂದು ಕಡೆ ನೀರು ನಿಲ್ಲದು. ಆದರೆ ನಿಧಾನವಾಗಿ ಮುಚ್ಚಬೇಕು. ತಟ್ಟನೆ ಮುಚ್ಚಿದರೆ ಇನ್ನೊಂದು ಕವಲಿನಲ್ಲಿ ಒತ್ತಡ ನುಗ್ಗುತ್ತದೆ. ಜಾರುವ ಇಳಿಜಾರಿನಲ್ಲಿ ನಾಝಲ್ ಹಿಡಿದು ನಿಂತವನನ್ನು ಅದು ಹಿಂದಕ್ಕೆ ತಳ್ಳಿ ಬೀಳಿಸಬಲ್ಲದು. ಪಂಪಿನ ಬಳಿ ಇರುವವನಿಗೆ ಕೂಗಿ ಹೇಳದೆ ವಾಲ್ವ್ ಮುಟ್ಟಲೇಬಾರದು.

ತೋಟದವರು ತಿಳಿದಿರಲೇಬೇಕಾದ ಸಂಗತಿ ಇನ್ನೊಂದಿದೆ. ಕೆರೆ, ಪಂಪು, ಮೈಲುಗಟ್ಟಲೆ ಸ್ಪ್ರಿಂಕ್ಲರ್ ಪೈಪು, ಟೀ, ವಾಲ್ವ್ ಎಲ್ಲ ನಮ್ಮಲ್ಲೇ ಇವೆ. ಆದರೆ ತೋಟದ 63 ಮಿ.ಮೀ. ಪೈಪು ಅಗ್ನಿಶಾಮಕದ 63 ಮಿ.ಮೀ. ಹೋಸಿಗೆ ಕೂಡುವುದಿಲ್ಲ. ಎಚ್‌ಡಿಪಿಇ ಪೈಪಿನಲ್ಲಿ ಅದು ಹೊರ ಅಳತೆ, ಹೋಸಿನಲ್ಲಿ ಒಳ ಅಳತೆ. ಕೊಕ್ಕೆಯ ರೀತಿಯೂ ಬೇರೆ. ಕೆರೆ ತುಂಬ ನೀರಿದ್ದೂ ಆ ಹೊತ್ತಿಗೆ ಜೋಡಿಸಲಾಗದೆ ನಿಲ್ಲುವುದು ಎಂಥ ಸಂಕಟ! ನಿಮ್ಮ ಪೈಪಿನ ಒಂದು ತುಂಡನ್ನು ಹತ್ತಿರದ ಅಗ್ನಿಶಾಮಕ ಠಾಣೆಗೆ ಒಯ್ದು ತೋರಿಸಿ, ಎರಡಕ್ಕೂ ಹೊಂದುವ ಅಡಾಪ್ಟರ್ ಮಾಡಿಸಿ, ಹೂವಿನ ನೀರಿಗೆ ಪಂಪು ಇಳಿಸುವ ದಿನವೇ ಅದನ್ನು ಜೋಡಿಸಿ ನೀರು ಹಾಯಿಸಿ ನೋಡಿ.